ಆರು ಗಂಟಲು, ಮೂವತ್ತು ಹೆಸರು

ಟೀಚರಮ್ಮ ಧೈರ್ಯಸ್ಥೆಯೇನಲ್ಲ. ಹದಿನಾಲ್ಕು ವರ್ಷದಿಂದ ತಾತ್ಕಾಲಿಕ ನೌಕರಿ. ಪ್ರತಿ ವರ್ಷ ಹೊಸ ಆದೇಶ ಕೈಗೆ ಬರುವವರೆಗೆ ಅನ್ನ ಗಂಟಲಲ್ಲಿ ಇಳಿಯುವುದಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಓದುವ ಮಗಳು, ದುಡಿಯುವುದು ಇವರೊಬ್ಬರೇ. ಹೆದರದೆ ಇನ್ನೇನು ಮಾಡುತ್ತಾರೆ?

ಆ ವರ್ಷ ಅವರ ಎರಡನೇ ತರಗತಿಗೆ ಆರು ಟ್ಯಾಬ್ ಬಂದವು. ಮಕ್ಕಳು ಮೂವತ್ತು. ಮಗುವಿನ ಹೆಸರು ಒತ್ತಿದರೆ ಪಾಠ ತೆರೆಯುತ್ತದೆ, ಮಗು ಗಟ್ಟಿಯಾಗಿ ಓದಬೇಕು. ಸರಿಯಾದರೆ ಹೆಸರಿನ ಮುಂದೆ ಹಸಿರು, ಇಲ್ಲವಾದರೆ ಕೆಂಪು. ಅದೆಲ್ಲ ಹೆಡ್‌ಮಾಸ್ತರರ ಕೋಣೆಯ ಪರದೆಯಲ್ಲೂ ಕಾಣುತ್ತದೆ. ನಲವತ್ತು ನಿಮಿಷದ ಪೀರಿಯಡ್ಡು, ಐದು ಮಕ್ಕಳಿಗೊಂದು ಟ್ಯಾಬ್; ತಡವರಿಸುವ ಒಂದು ಮಗು ಮುಗಿಸುವಷ್ಟರಲ್ಲಿ ಗಂಟೆ ಹೊಡೆಯುತ್ತಿತ್ತು. ಮೊದಲ ವಾರ ಪರದೆ ತುಂಬ ಕೆಂಪು.

“ಏನ್ ಟೀಚರಮ್ಮ, ನಿಮ್ ಕ್ಲಾಸಿಗೆ ದಡಾರ ಎದ್ದಿದ್ಯಾ?” ಎಂದು ಹೆಡ್‌ಮಾಸ್ತರರು ನಕ್ಕರು.

ಟೀಚರಮ್ಮ ನಗಲಿಲ್ಲ. ಮರುದಿನ ಗುಂಪಿಗೊಬ್ಬರಂತೆ ಚುರುಕಾಗಿ ಓದುವವರನ್ನು ಮುಂದೆ ಕೂರಿಸಿದರು. “ಎಲ್ಲರ ಹೆಸರಲ್ಲೂ ನೀನೇ ಓದ್ಬಿಡು, ಉಳಿದೋರು ಬೆರಳಿಟ್ಟು ನೋಡ್ಲಿ.” ಪಟಾಕಿ ಎಂಬ ಅಡ್ಡಹೆಸರಿನ ಹುಡುಗಿ ದಿನಾ ಐದು ಹೆಸರಿಗೆ ಐದು ಸಲ ಓದಿ ಗಂಟಲು ಕಟ್ಟಿಸಿಕೊಂಡಳು. ಪರದೆ ಹಸಿರಾಯಿತು. ಟೀಚರಮ್ಮ ನೆಮ್ಮದಿಯಾಗಿ ಉಂಡರು.

ಮೂರು ತಿಂಗಳಾದ ಮೇಲೆ ಒಂದು ದಿನ, ಗುಬ್ಬಿ ಎಂಬ ಅಡ್ಡಹೆಸರಿನ ಹುಡುಗಿಗೆ ಟೀಚರಮ್ಮ ಗೋಡೆಯ ಚಾರ್ಟ್ ತೋರಿಸಿ ಓದು ಎಂದರು. ಗುಬ್ಬಿ ಇವರ ಮುಖವನ್ನೇ ನೋಡಿದಳು. ಒಂದಕ್ಷರವೂ ಬಾರದು. ಟ್ಯಾಬಿನಲ್ಲಿ ನೋಡಿದರೆ ಅವಳಿಗೆ ಒಂಬತ್ತನೇ ಹಂತದ ಉದ್ದುದ್ದ ವಾಕ್ಯಗಳು! ಹಸಿರು ಬಿದ್ದಂತೆಲ್ಲ ಯಂತ್ರ ಮಕ್ಕಳನ್ನು ಮೇಲಕ್ಕೆ ಹತ್ತಿಸಿತ್ತು. ಅಕ್ಷರ ಕಲಿಸುವ ಪಾಠಗಳು ಅವರ ಹೆಸರಿನಲ್ಲಿ ಮುಗಿದೇ ಹೋಗಿದ್ದವು. ಒಬ್ಬೊಬ್ಬರನ್ನೇ ಕರೆದು ಓದಿಸಿದರು. ಗುಬ್ಬಿಯೂ ಸೇರಿ ಹದಿನೆಂಟು ಮಕ್ಕಳ ಕತೆ ಇದೇ.

ಅಷ್ಟರಲ್ಲಿ ಗುರುವಾರ ಮೇಲಧಿಕಾರಿ ಬರುತ್ತಾರೆಂಬ ಸುದ್ದಿ. ಹಸಿರಿನಲ್ಲಿ ಈ ತರಗತಿಯೇ ಮುಂದು, ನೋಡಿ ಬೆನ್ನು ತಟ್ಟುತ್ತಾರಂತೆ. ಟೀಚರಮ್ಮ ಹೆಡ್‌ಮಾಸ್ತರರ ಬಳಿ ಹೋದರು.

“ಸಾರ್, ಹದಿನೆಂಟು ಮಕ್ಳಿಗೆ ಓದಕ್ಕೇ ಬರಲ್ಲ. ಮುಗಿದಿರೋ ಪಾಠ ಅಳ್ಸಿ ಮೊದಲನೇ ಹಂತಕ್ಕೆ ಇಳಿಸ್ಬೇಕು.”

“ತಲೆ ಕೆಟ್ಟಿದ್ಯೇನ್ರೀ? ಪಟಾಕೀನ ಮುಂದೆ ಕೂರ್ಸಿ. ಅವ್ಳು ಓದ್ತಾಳೆ, ಅವ್ರು ಟೀ ಕುಡ್ದು ಹೋಗ್ತಾರೆ. ನಿಮ್ ಆದೇಶಕ್ಕೆ ಸಹಿ ಹಾಕೋದು ಆಯಮ್ಮನೇ, ನೆನಪಿರ್ಲಿ.”

ಮರೆತಿದ್ದರೆ ತಾನೆ ನೆನಪಿಸಬೇಕು?

ಗುರುವಾರ ಎಲ್ಲರಿಗಿಂತ ಮೊದಲೇ ಬಂದು, ಬಾಗಿಲು ಮುಂದೆ ಮಾಡಿಕೊಂಡು ಟ್ಯಾಬ್ ತೆಗೆದರು. ಪಾಠ ಅಳಿಸಬೇಕೇ, ಖಚಿತವೇ ಎಂದು ಯಂತ್ರ ಹದಿನೆಂಟು ಸಲ ಕೇಳಿತು. ಹದಿನೆಂಟು ಸಲವೂ ಬೇಡವೆನ್ನಿಸಿತು. ಆದರೂ ಒತ್ತಿದರು.

“ಇದೇನ್ರೀ? ನಿನ್ನೆ ತನಕ ಎಲ್ಲ ಹಸಿರಿತ್ತಲ್ಲ?” ಎಂದರು ಅಧಿಕಾರಿ, ಹೆಡ್‌ಮಾಸ್ತರರ ಕೋಣೆಯ ಪರದೆ ನೋಡಿ.

“ನಾನೇ ಅಳಿಸಿದೆ ಮೇಡಂ. ಓದಿದ್ದು ಆರೇ ಮಕ್ಳು. ಎಲ್ಲರ ಹೆಸರಲ್ಲೂ ಓದ್ಸಿದ್ದು ನಾನೇ.” ದನಿ ಅವರದೇ ಎಂದು ಅವರಿಗೇ ನಂಬಿಕೆ ಬರಲಿಲ್ಲ.

ಅಧಿಕಾರಿ ಟೀಚರಮ್ಮನ ಹೆಸರು ಕೇಳಿ ಬರೆದುಕೊಂಡರು, ಟೀ ಮುಟ್ಟದೆ ಎದ್ದು ಹೋದರು. ಹೆಡ್‌ಮಾಸ್ತರರು ಅವತ್ತಿನಿಂದ ಮಾತು ಬಿಟ್ಟಿದ್ದಾರೆ.

ಈ ಸಲದ ಆದೇಶ ಇನ್ನೂ ಬಂದಿಲ್ಲ. ಗೇಟಿನ ಹತ್ತಿರ ಗಾಡಿ ನಿಂತ ಸದ್ದಾದರೆ ಟೀಚರಮ್ಮ ಪಾಠ ನಿಲ್ಲಿಸಿ ಬಾಗಿಲತ್ತ ನೋಡುತ್ತಾರೆ. ಮೊನ್ನೆ ಗುಬ್ಬಿ ತಾನೇ ನಾಲ್ಕು ಪದ ಓದಿ ಐದನೆಯದಕ್ಕೆ ಸಿಕ್ಕಿಕೊಂಡಳು. ಕೆಂಪು ಬಿತ್ತು.

“ಬೀಳ್ಲಿ ಬಿಡೇ. ಮತ್ತೆ ಓದು,” ಎಂದರು ಟೀಚರಮ್ಮ, ಬಾಗಿಲಿನಿಂದ ಕಣ್ಣು ತೆಗೆಯದೆ.