ತಾಟು ತೊಳೆದ ನೀರು

ಊಟ ಮುಗಿದ ಮೇಲೆ ತಾಟಿಗೆ ಒಂದಿಷ್ಟು ನೀರು ಸುರಿದು, ಬೆರಳಾಡಿಸಿ ತೊಳೆದು, ಆ ನೀರನ್ನು ಕುಡಿದುಬಿಡುವ ಅಭ್ಯಾಸವೊಂದು ನನಗಿದೆ. ನಮ್ಮ ಅಣ್ಣಿಗೇರಿಯ ಕಡೆ ಶಿವಭಕ್ತರ ಮನೆಗಳಲ್ಲಿ ಇದು ಅಪರೂಪವೇನಲ್ಲ. ಅನ್ನವೆಂದರೆ ಪ್ರಸಾದ, ಅದರ ಒಂದು ಅಗುಳೂ ಮೋರಿಯ ಪಾಲಾಗಬಾರದೆಂಬ ಶ್ರದ್ಧೆ ಅದರ ಹಿಂದಿದೆ. ಹೊರಗಿನವರು ನೋಡಿ ಮುಖ ಕಿವುಚುತ್ತಾರೆ, ಕಿವುಚಲಿ. ಆದರೆ ಓದುಗ ಮಿತ್ರರೇ, ಒಂದು ಮಾತನ್ನು ಈಗಲೇ ನೆನಪಿನಲ್ಲಿಡಿ: ಈ ಪದ್ಧತಿ ಮನೆಯ ಊಟಕ್ಕೆ ಮಾತ್ರ. ಹುಬ್ಬಳ್ಳಿಯ ಎಷ್ಟೋ ಖಾನಾವಳಿಗಳಲ್ಲಿ ಹೊಟ್ಟೆಬಿರಿಯ ಉಂಡಿದ್ದೇನೆ, ಹೊಟೇಲಿನ ತಾಟನ್ನು ಎಂದೂ ತೊಳೆದು ಕುಡಿದವನಲ್ಲ.

ನಾನು ಪ್ರೌಢಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತನಾದವನು. ಭೂಮಧ್ಯ ಸಮುದ್ರವನ್ನು ಕರಿಹಲಗೆಯ ಮೇಲೆ ನೀಲಿ ಸೀಮೆಸುಣ್ಣದಿಂದ ವರ್ಷವರ್ಷವೂ ತುಂಬಿದ್ದೆನಾದರೂ ಅದಕ್ಕೊಂದು ವಾಸನೆಯಿದೆಯೆಂಬ ಜ್ಞಾನೋದಯವಾದದ್ದು ಇಟಲಿಯ ಬಂದರು ಊರು ಜಿನೋವಾಕ್ಕೆ ಕಾಲಿಟ್ಟಾಗಲೇ. ಹಳೆಯ ಕಟ್ಟಡಗಳ ದುರಸ್ತಿಯ ವಿದ್ಯೆ ಕಲಿಯಲು ಅಲ್ಲಿಗೆ ಹೋಗಿದ್ದ ನಮ್ಮ ಒಬ್ಬಳೇ ಮಗಳು ಪೂರ್ಣಿಮಾ, ಮಾರ್ಕೊ ಎಂಬ ಆ ಊರಿನ ಹುಡುಗನನ್ನು ಮದುವೆಯಾಗುತ್ತೇನೆಂದು ತಿಳಿಸಿದ್ದಳು. ಹುಡುಗನ ತಂದೆ ಮೀನು ಹಿಡಿಯುವವರಂತೆ. ನಾನು ಹೋದದ್ದು ಸಮುದ್ರ ನೋಡಲಿಕ್ಕಲ್ಲ, ಈ ಸಂಬಂಧ ಆಗದು ಎಂದು ಹೇಳಲಿಕ್ಕೆ. ಅಷ್ಟಕ್ಕೆ ಫೋನು ಸಾಲದೇ ಎಂದು ನೀವು ಕೇಳಬಹುದು. ಫೋನಿನಲ್ಲಿ ಮಗಳಿಗೆ ಬೇಡವೆನ್ನುವ ಧೈರ್ಯ ನನಗಿರಲಿಲ್ಲ. ಎದುರಿಗೆ ನಿಂತರೆ ಬಂದೀತೆಂದು ಯಾಕೆ ಅಂದುಕೊಂಡೆನೋ ಆ ಶಿವನಿಗೇ ಗೊತ್ತು.

ನಮ್ಮ ಮನೆತನದಲ್ಲಿ ಇನ್ನೊಂದು ರೂಢಿಯಿದೆ. ಮಗಳನ್ನು ಕೊಡುವವರು ಹುಡುಗನ ಮನೆ ನೋಡಲು ಹೋದಾಗ ಚಹಾ ಕುಡಿಯಬಹುದು, ಅವಲಕ್ಕಿ ತಿನ್ನಬಹುದು. ಕೂತು ಊಟ ಮಾಡಿದರೆ ಮಾತ್ರ ಸಂಬಂಧ ಒಪ್ಪಿಕೊಂಡಂತೆಯೇ ಲೆಕ್ಕ. ನಮ್ಮಪ್ಪ ನನ್ನ ಅಕ್ಕನಿಗೆ ವರ ಹುಡುಕುವಾಗ ಹೋಳಿಗೆಯ ವಾಸನೆ ಮೂಗಿಗೆ ಬಡಿಯುತ್ತಿದ್ದರೂ ಹಸಿದ ಹೊಟ್ಟೆಯಲ್ಲಿ ಎದ್ದು ಬಂದ ಮನೆಗಳಿದ್ದವು. ಆದ್ದರಿಂದ ನಾನು ಹುಡುಗನ ಮನೆಗೆ ಕಾಲಿಡುವುದಿಲ್ಲ, ಬೇಕಾದರೆ ಯಾವುದಾದರೂ ಹೊಟೇಲಿನಲ್ಲಿ ಭೇಟಿಯಾಗುತ್ತೇನೆ ಎಂದು ಖಡಾಖಂಡಿತವಾಗಿ ಹೇಳಿಬಿಟ್ಟೆ. ನನ್ನ ಹೆಂಡತಿ ಗಿರಿಜಾ ಕೂಡಲೇ ಆಗಲಿ ಎಂದಳು. ಮದುವೆಯಾದಂದಿನಿಂದ ನನ್ನ ಯಾವ ಮಾತಿಗೂ ಕೂಡಲೇ ಆಗಲಿ ಎನ್ನದವಳು ಅಂದು ಅಂದದ್ದಕ್ಕೆ ನನಗೆ ಸಂಶಯ ಬರಬೇಕಿತ್ತು.

ಮಾರ್ಚ್ ತಿಂಗಳ ಎಳೆಬಿಸಿಲು. ಬೆಟ್ಟದ ಮೈಗೆ ಅಂಟಿಕೊಂಡ ಬಣ್ಣಬಣ್ಣದ ಮನೆಗಳು, ಕೆಳಗೆ ಒಂದಕ್ಕೊಂದು ಮೈ ತಾಗಿಸಿ ನಿಂತ ದೋಣಿಗಳು, ಗೋಡೆಗಳ ಆಚೆ ಹಳದಿ ಹೂವಿನ ಮರಗಳು. ಆಗದು ಎನ್ನಲು ಬಂದವನಿಗೆ ಊರು ಇಷ್ಟು ಚೆಂದ ಕಾಣಿಸಬಾರದು. ಮಾರ್ಕೊ ನಮ್ಮನ್ನು ಬಂದರಿನ ಹಿಂದಿನ ಓಣಿಯ ಒಂದು ಸಣ್ಣ ಹೊಟೇಲಿಗೆ ಕರೆದೊಯ್ದ. ಒಳಗೆ ಕೂತು ಅಕ್ಕಪಕ್ಕದ ಮೇಜುಗಳತ್ತ ಕಣ್ಣು ಹಾಯಿಸಿದೆ. ಇಡಿಇಡಿಯಾದ ಮೀನುಗಳು ತಟ್ಟೆಯಿಂದ ನನ್ನನ್ನೇ ದಿಟ್ಟಿಸುತ್ತಿದ್ದವು. ಇನ್ನೊಂದರಲ್ಲಿ ಎಂಟು ಕಾಲಿನ ಯಾವುದೋ ಜೀವಿ ಕಾಲು ಚಾಚಿ ಮಲಗಿತ್ತು. ಅದಕ್ಕಿಂತ ದೊಡ್ಡ ಆಘಾತ, ನನ್ನ ಮಗಳು ಕಪ್ಪು ಚಿಪ್ಪುಗಳನ್ನು ಬಿಡಿಸಿ ಒಳಗಿನದನ್ನು ತಿನ್ನುತ್ತಿದ್ದಳು, ಅದೂ ಶೇಂಗಾ ಸುಲಿದಷ್ಟು ಸಲೀಸಾಗಿ. ಅದಕ್ಕೂ ದೊಡ್ಡದು, ಗಿರಿಜಾ ಅದನ್ನು ನೋಡಿಯೂ ನೋಡದವಳಂತೆ ಸೆರಗು ಸರಿಪಡಿಸಿಕೊಂಡದ್ದು.

ಆಗ ಒಳಗಿನಿಂದ ಹೆಂಗಸೊಬ್ಬರು ನನ್ನ ಮುಂದೆ ಒಂದು ತಟ್ಟೆ ತಂದಿಟ್ಟರು. ಅಂಚು ಕೆಂಪಗೆ ಸುಟ್ಟ, ನಡುವೆ ಮೆತ್ತಗಿದ್ದ ಹಳದಿ ತುಣುಕುಗಳು. ಇದಕ್ಕೆ ಬೇರೆಯೇ ಒಲೆ, ಬೇರೆಯೇ ಪಾತ್ರೆ, ಮೀನು ಸೋಕಿಲ್ಲ ಎಂದು ಮಗಳು ಭರವಸೆ ಕೊಟ್ಟಳು. ಬಾಯಿಗಿಟ್ಟೆ. ಕಡಲೆ ಹಿಟ್ಟು! ಕಡಲೆ ಹಿಟ್ಟು, ನೀರು, ಎಣ್ಣೆ, ಉಪ್ಪು, ಇಷ್ಟೇ. ಎರೆಹೊಲದ ಕಡಲೆ ಕಿತ್ತು, ರಾಶಿ ಮಾಡಿ, ಚೀಲ ಹೊಲಿದು ವಿಮಾನ ಹತ್ತಿದ ಅಣ್ಣಿಗೇರಿಯ ಮನುಷ್ಯನಿಗೆ ಏಳು ಸಮುದ್ರದಾಚೆ ಕಡಲೆ ಹಿಟ್ಟೇ ಎದುರಾಗಬೇಕೇ? ಮೂರು ದಿನ ಚುರುಮುರಿಯ ಮೇಲೆ ಜೀವ ಹಿಡಿದಿದ್ದ ನಾನು ಮೈಮರೆತು ಉಂಡೆ. ಮಾರ್ಕೊ ಆಗಾಗ ಎದ್ದು ತಾನೇ ಒಳಗಿನಿಂದ ಬಿಸಿಬಿಸಿ ತುಣುಕು ತಂದು ಬಡಿಸುತ್ತಿದ್ದ. ಹೊಟೇಲಿನಲ್ಲಿ ಆಳುಗಳ ಕೊರತೆಯಿರಬೇಕೆಂದು ನಾನು ಕನಿಕರಪಟ್ಟೆ. ಕೊನೆಗೆ ತಟ್ಟೆಗೆ ನೀರು ಸುರಿದು, ತೊಳೆದು, ಎರಡೂ ಕೈಯಿಂದ ಎತ್ತಿ ಕುಡಿದೆ. ಪೂರ್ಣಿಮಾಳ ಕೈಯಲ್ಲಿದ್ದ ಚಿಪ್ಪು ಅಲ್ಲೇ ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆ ಹೆಂಗಸು ಕಣ್ಣೊರೆಸಿಕೊಂಡರು.

ಒಲೆಯ ಹೊಗೆಯಿರಬೇಕೆಂದುಕೊಂಡು ಕೈ ತೊಳೆಯಲು ಎದ್ದೆ. ಕೈ ತೊಳೆಯುವ ಜಾಗದ ಗೋಡೆಯ ತುಂಬ ಫೋಟೊಗಳು. ಒಂದರಲ್ಲಿ ಅದೇ ಹೆಂಗಸು, ಕಂಕುಳಲ್ಲಿ ಕೂಸು. ಮುಂದಿನದರಲ್ಲಿ ಆ ಕೂಸು ಶಾಲೆಗೆ ಹೊರಟಿದೆ. ಅದರ ಮುಂದಿನದರಲ್ಲಿ ಮೀಸೆ ಬಂದಿದೆ, ಅದು ಮಾರ್ಕೊ. ಕಣ್ಣೊರೆಸಿಕೊಂಡವರು ಅವನ ತಾಯಿ, ನಮ್ಮ ತಾಟಿನ ಪದ್ಧತಿಯನ್ನು ಮಗಳಿಂದ ಮೊದಲೇ ಕೇಳಿದ್ದವರಂತೆ. ಕೈ ಒದ್ದೆಯಾಗಿಯೇ ಉಳಿಯಿತು. ಹಿಂದೆ ಬಂದು ನಿಂತ ಗಿರಿಜಾ ತಣ್ಣಗೆ ಹೇಳಿದಳು: “ಹೊಟೇಲಿನಾಗ ಆದ್ರ ಬರ್ತೇನಿ ಅಂತ ನೀವ ಅಂದಿದ್ರಿ. ಇದು ಹೊಟೇಲ ಐತಲ್ರಿ. ಅವರು ಇರೋದು ಇದರ ಮ್ಯಾಲಿನ ಮನ್ಯಾಗ, ಅದಕ್ಕ ನಾವೇನ್ ಮಾಡೂಣು?”

ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ಹೊಟೇಲಿನ ಊಟ ಊಟವಲ್ಲ, ನನ್ನ ಒಪ್ಪಿಗೆಯಿಲ್ಲ ಎಂದು ವಾದ ಹೂಡಲು ಬಾಯಿ ತೆರೆದೆ. ಆದರೆ ಆ ಬಾಯಲ್ಲಿ ಇನ್ನೂ ತಟ್ಟೆ ತೊಳೆದ ನೀರಿನ ರುಚಿಯಿತ್ತು. ಹೊಟೇಲಿನಲ್ಲಿ ಎಂದೂ ಮಾಡದ್ದನ್ನು ನಾನು ಮಾಡಿದ್ದೆ. ಯಾರೂ ಹೇಳಿರಲಿಲ್ಲ, ಯಾರೂ ಮೋಸ ಮಾಡಿ ಕುಡಿಸಿರಲಿಲ್ಲ. ಅದು ಮನೆಯೆಂದು ಫೋಟೊ ನೋಡುವ ಮೊದಲೇ ನನ್ನ ಕೈಗೆ ಗೊತ್ತಾಗಿತ್ತು. ಆಗದು ಎಂಬ ಮಾತು ಅಣ್ಣಿಗೇರಿಯಿಂದ ಅಷ್ಟು ದೂರ ನನ್ನ ಜೊತೆ ಬಂದಿತ್ತು, ಅಲ್ಲಿ ಮಾತ್ರ ಹೊರಬರಲಿಲ್ಲ.

ತಾಟು ತೊಳೆದ ಮೇಲೆ ಮತ್ತೆ ಬಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ. ಆದರೂ ನಾನು ಮೇಜಿಗೆ ಮರಳಿ ಮಗಳಿಗೆ ಹೇಳಿದೆ: “ಬೀಗತಿಗೆ ಹೇಳವಾ, ಇನ್ನೊಂದು ತುಣುಕು ಹಾಕ್ರಿ ಅಂತ.”

ಈಗಲೂ ಮನೆಯಲ್ಲಿ ಉಂಡ ತಾಟನ್ನು ತೊಳೆದು ಕುಡಿಯುತ್ತೇನೆ. ಹೊರಗೆ ಉಣ್ಣಲು ಹೋದಾಗ ಮಾತ್ರ, ನಾನು ಕೊನೆಯ ತುತ್ತಿಗೆ ಬರುವಷ್ಟರಲ್ಲಿ ಗಿರಿಜಾ ನೀರಿನ ಲೋಟವನ್ನು ನನ್ನ ಕೈಗೆಟುಕದಂತೆ ಸರಿಸಿಡುತ್ತಾಳೆ. ಯಾಕೆಂದು ಮೊನ್ನೆ ಕೇಳಿದೆ.

“ಕೊಡಾಕ ಇನ್ನೊಬ್ಬಾಕಿ ಮಗಳಿಲ್ರಿ ನಮಗ,” ಎಂದಳು.