ಟೂ-ಸ್ಟ್ರೋಕ್ ಗಾಡಿಯ ಸಿಟ್ಟು

ಕಲಬುರಗಿಯ ಕುಸನೂರ ರಸ್ತೆಯ ಗ್ಯಾರೇಜಿಗೆ ಮಣ್ಣಿನ ದಿಬ್ಬ ಹಾರಿಸುವ ನನ್ನ ಟೂ-ಸ್ಟ್ರೋಕ್ ಮೋಟೋಕ್ರಾಸ್ ಗಾಡಿ ಒಯ್ದಾಗಲೆಲ್ಲ ಮಿಸ್ತ್ರಿಯದು ಒಂದೇ ಮಾತು: "ಇದು ಹೆಣ್ಮಕ್ಕಳು ಹೊಡಿಯೋ ಗಾಡಿ ಅಲ್ರೀ ಅಕ್ಕಾ."

ಗಾಡಿಗೆ ಸಿಟ್ಟು ಇದ್ದದ್ದು ನಿಜ. ಆಕ್ಸಿಲರೇಟರ್ ತಿರುವಿದರೆ ಮೊದಲು ಸುಮ್ಮನಿರುತ್ತಿತ್ತು, ಆಮೇಲೆ ಒಮ್ಮೆಲೇ ಎತ್ತಿ ಒಗೆಯುತ್ತಿತ್ತು. ಕಮಲಾಪುರದ ಕೆಂಪು ಮಣ್ಣಿನ ದಿಬ್ಬದಲ್ಲಿ ನನ್ನನ್ನು ಎಷ್ಟು ಸಲ ಕೆಡವಿತೋ! ಬಿದ್ದೆದ್ದು, ಕ್ಲಚ್ಚಿನ ಮೇಲೆ ಸದಾ ಒಂದು ಬೆರಳಿಟ್ಟು ಅದನ್ನು ಪಳಗಿಸಿದೆ. ನನ್ನ ಜೊತೆ ದಿಬ್ಬಕ್ಕೆ ಬರುತ್ತಿದ್ದ ಗಂಡಸರು ಮಾತ್ರ ಹೆದರಿ ಆ ಗಾಡಿ ಹತ್ತಲೇ ಇಲ್ಲ.

ಈಗ ಅದೇ ಮಾದರಿಗೆ ಕಂಪನಿಯವರು ಫೋರ್-ಸ್ಟ್ರೋಕ್ ಎಂಜಿನ್ ಕೂಡಿಸಿದ್ದಾರೆ. ತಿರುವಿದ ಕೂಡಲೇ ಹದವಾಗಿ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೆ ತಾನೇ ವೇಗ ಇಳಿಸುತ್ತದೆ. ಆ ಗಂಡಸರೆಲ್ಲ ಒಬ್ಬೊಬ್ಬರಾಗಿ ಹೊಸದನ್ನು ಕೊಂಡರು. ಮಿಸ್ತ್ರಿಯೂ ಒಂದು ತಂದ.

ಕಳೆದ ಭಾನುವಾರ ದಿಬ್ಬದ ಕೆಳಗೆ ಎಲ್ಲರೂ ನಿಂತಿದ್ದಾಗ ಅವನು ತನ್ನ ಗಾಡಿಯನ್ನು ನನ್ನ ಮುಂದೆ ತಂದು ನಿಲ್ಲಿಸಿದ. "ಎಂಜಿನ್ ಮೆತ್ತಗ ಮಾಡ್ಯಾರ್ರೀ ಅಕ್ಕಾ. ಈಗ ನೀವೂ ಹೊಡೀಬಹುದು."

ನಾನು ನನ್ನ ಹಳೆಯ ಗಾಡಿಗೆ ಕಿಕ್ ಹೊಡೆದೆ. "ಮೆತ್ತಗ ಮಾಡಿದ್ದು ನನ್ನ ಸಲುವಾಗಿ ಅಲ್ರೀ, ನಿಮ್ಮ ಸಲುವಾಗಿ."