ಅತ್ತೆ ಕೊಡದ ನಂಬರು

ತ್ರಿಪ್ಲಿಕೇನಿನ ನಮ್ಮ ಮನೆಯ ನಲ್ಲಿಯಲ್ಲಿ ನೀರು ಬರುವುದು ಬೆಳಗಿನ ಜಾವ. ಆ ಬೇಸಿಗೆಯಲ್ಲಿ ಮೊದಲ ಕೆಲವು ಕೊಡ ನೀರು ಚರಂಡಿಯ ನಾತ ಹೊತ್ತು ಬರತೊಡಗಿತು. ನೋಡಲು ತಿಳಿ, ಮೂಗಿನ ಹತ್ತಿರ ತಂದರೆ ಮುಖ ಸಿಂಡರಿಸಬೇಕು. ಹಿತ್ತಲಲ್ಲಿ ಬಾವಿಯಿದೆ, ಆದರೆ ಸಮುದ್ರ ಇಷ್ಟು ಹತ್ತಿರವಿರುವಾಗ ಅದರ ನೀರು ಉಪ್ಪು. ಸ್ನಾನಕ್ಕಾಯಿತು, ಬೇಳೆ ಬೇಯುವುದಿಲ್ಲ. ನಾನೂ ನನ್ನ ಗಂಡನೂ ಅಂಗಡಿಯ ಕ್ಯಾನ್ ನೀರು ತರಿಸತೊಡಗಿದೆವು. ಅತ್ತೆ ಅದನ್ನು ಬಾಯಿಗೆ ಹಾಕಲಿಲ್ಲ. ಯಾರೋ ತುಂಬಿ, ಯಾರೋ ಹೊತ್ತು, ಯಾರೋ ಮೆಟ್ಟಿಲ ಮೇಲೆ ಉರುಳಿಸಿ ತಂದ ನೀರನ್ನು ಮಡಿಯ ಹೆಂಗಸು ಕುಡಿಯುವುದುಂಟೇ? ನಲ್ಲಿ ನೀರನ್ನೇ ಸೋಸಿ, ಕುದಿಸಿ, ತುಳಸಿ ಹಾಕಿ ಕುಡಿದರು. ಎರಡು ಸಲ ಹೊಟ್ಟೆ ಕೆಟ್ಟು ಮಲಗಿದರು. ಇನ್ನೊಮ್ಮೆ ಹೀಗಾದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಮಾವನವರ ಶ್ರಾದ್ಧ ಬೇರೆ ಹತ್ತಿರ ಬರುತ್ತಿತ್ತು. ಪ್ರತಿ ವರ್ಷ ಅಂದಿನ ಅಡುಗೆ ಅತ್ತೆಯದೇ, ಬೇರೆಯವರು ಒಲೆಯ ಹತ್ತಿರ ಸುಳಿಯುವಂತಿಲ್ಲ. ಈ ನೀರಿನಲ್ಲಿ ಅದು ಆಗದ ಮಾತು, ಈ ಸಲ ಮಠದಲ್ಲಿ ಮಾಡಿಸಿಬಿಡೋಣ ಎಂದು ನನ್ನ ಗಂಡ ಮೆಲ್ಲಗೆ ಬಾಯಿಬಿಟ್ಟರು.

"ನಾನು ಹೋದ್ಮೇಲೆ ಎಲ್ಲಿ ಬೇಕಾದ್ರೂ ಮಾಡ್ಕೊಳ್ಳಿ," ಎಂದು ಅತ್ತೆ ಒಳಗೆ ಹೋದರು. ಅಂದು ಊಟಕ್ಕೂ ಏಳಲಿಲ್ಲ. ನನಗೆ ನಿಜವಾಗಿ ಸಂಕಟವಾಯಿತು.

ಹಿಂದೆ ಇಂಥದ್ದಕ್ಕೆ ನೀರಿನ ಆಫೀಸಿಗೆ ಅಲೆದು ಚಪ್ಪಲಿ ಸವೆಸಬೇಕಿತ್ತು. ಈಗ ಆ್ಯಪ್ ಇದೆ. ವಿಮಾ ಕಚೇರಿಯಲ್ಲಿ ದಿನವಿಡೀ ಕಂಪ್ಯೂಟರಿನ ಮುಂದೆ ಕೂರುವವಳು ನಾನು, ನನಗೆ ಇಂಥವುಗಳ ಮೇಲೆ ಅಪಾರ ನಂಬಿಕೆ. ನೀರಿನ ಸಂಪರ್ಕ ಅತ್ತೆಯ ಹೆಸರಿನಲ್ಲಿದ್ದುದರಿಂದ ಅವರ ಫೋನಿನಿಂದಲೇ ದೂರು ಕೊಟ್ಟೆ. ಫೋಟೋ ಹಾಕಿ ಎಂದಿತು. ನಾತದ ಫೋಟೋ ತೆಗೆಯುವುದು ಹೇಗೆ? ಥಳಥಳ ಹೊಳೆಯುವ ತಂಬಿಗೆಯಲ್ಲಿ ತಿಳಿನೀರಿನ ಚಿತ್ರ ಹಾಕಿದೆ. ಅದನ್ನು ನೋಡಿದವರು ನಮಗೆ ದೂರೇ ಇಲ್ಲ ಎಂದುಕೊಂಡಿದ್ದರೂ ತಪ್ಪಿರಲಿಲ್ಲ.

ಆದರೂ ಮೆಚ್ಚಬೇಕು, ಎರಡೇ ದಿನದಲ್ಲಿ ಉತ್ತರ ಬಂತು: ದೂರು ಪರಿಹಾರವಾಗಿದೆ, ದೂರುದಾರರು ತೃಪ್ತರಾಗಿದ್ದಾರೆ. ಮರುದಿನ ಬೆಳಿಗ್ಗೆ ನೋಡಿದರೆ ಅದೇ ನಾತ. ಮತ್ತೆ ದೂರು ಕೊಟ್ಟೆ. ದೂರುದಾರರು ಮತ್ತೆ ತೃಪ್ತರಾದರು. ಈ ಪರಿ ತೃಪ್ತಿ ಯಾರಿಗಪ್ಪಾ ಎಂದು ಸಂಜೆ ಬಂದು ವಿಚಾರಿಸಿದೆ.

"ನೀರಿನೋನು ಬಂದಿದ್ದ ಕಣೇ," ಎಂದರು ಅತ್ತೆ, ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ಪಾವಂ, ಆ ವೆಯಿಲ್‌ನಲ್ಲಿ ಬೆವೆತುಹೋಗಿದ್ದ! ನಲ್ಲಿ ತಿರುಗಿಸ್ದ, ಅಷ್ಟೊತ್ತಿಗೆ ತಣ್ಣೀನೇ ನಿಂತುಹೋಗಿತ್ತು. ಕಾಫಿ ಕೊಟ್ಟೆ. ಫೋನಿಗೆ ಬಂದ ನಂಬರ್ ಕೇಳ್ದ. ಹೇಳ್ದೆ."

"ಆ ನಂಬರ್ ಕೊಟ್ರೆ ಕೆಲ್ಸ ಆಯ್ತು, ನಮಗೆ ಸಂತೋಷ ಅಂತ ಅರ್ಥ ಅತ್ತೆ!"

"ಮನೆ ಬಾಗಿಲಿಗೆ ಬಂದೋನು ಬಾಯ್ಬಿಟ್ಟು ಕೇಳಿದ್ರೆ ಇಲ್ಲ ಅನ್ನಕ್ಕಾಗತ್ತೇನೇ? ನಾಲ್ಕು ಅಂಕೆ. ನಮ್ಮಪ್ಪನ ಮನೆ ಗಂಟೇನು ಹೋಯ್ತು?"

ನಾನು ಹಣೆ ಹಣೆ ಚಚ್ಚಿಕೊಂಡೆ. ಬ್ಯಾಂಕಿನವನು ಎಂದು ಹೇಳಿಕೊಂಡು ಫೋನ್ ಮಾಡಿದ ಕಳ್ಳನಿಗೆ ಒಂದಂಕೆಯನ್ನೂ ಕೊಡದೆ, ಜನ್ಮ ಜಾಲಾಡಿ ಕಳಿಸಿದ್ದ ಹೆಂಗಸು ಇವರೇ. ಆದರೆ ಜಗಲಿಯ ಮೇಲೆ ಕೂತು ತಮ್ಮ ಕೈಯ ಕಾಫಿ ಕುಡಿದವನ ಲೆಕ್ಕವೇ ಬೇರೆ. ಅದನ್ನೂ ನಮ್ಮ ಕ್ಯಾನ್ ನೀರಿನಲ್ಲಿ ಮಾಡಿ ಕೊಟ್ಟಿದ್ದರು. ಬಂದವರಿಗೆ ಆ ನಲ್ಲಿ ನೀರು ಕುಡಿಸಿದ ಪಾಪ ತಮಗೆ ಬೇಡವಂತೆ.

ಮೂರನೆಯ ದೂರಿಗೆ ಅವನು ಬಂದದ್ದು ಶನಿವಾರ, ನಾನು ಮನೆಯಲ್ಲೇ ಇದ್ದೆ. ನರೆತ ಮೀಸೆಯ ಸೌಮ್ಯ ಮನುಷ್ಯ. ಕಾಫಿ ಕುಡಿದು ಲೋಟ ಕೆಳಗಿಟ್ಟು, "ಅಮ್ಮಾ, ಅಂದ ನಂಬರ್ ಸೊಲ್ಲುಂಗ," ಎಂದು ಆ ನಂಬರು ಕೇಳಿದ. ಅತ್ತೆ ಫೋನು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು. ನಾನು ಬಾಗಿಲ ಚೌಕಟ್ಟು ನೋಡಿದೆ. ಅವರು ನಿಜಕ್ಕೂ ಒದ್ದಾಡುತ್ತಿದ್ದರು.

"ತರೇನ್ ತಂಬಿ," ಎಂದು ಕೊನೆಗೆ ಬಾಯಿಬಿಟ್ಟರು. "ಆನಾ ನಾಳೈಕ್ಕು ಕಾಲೈಲ ಅಂಜು ಮಣಿಕ್ಕು ವಾ. ನೀಯೇ ಮೋಂದು ಪಾರು."

ಬೆಳಿಗ್ಗೆ ಐದಕ್ಕೆ ಬಂದು ನೀನೇ ಮೂಸಿ ನೋಡು, ಆಮೇಲೆ ನಂಬರು. ದೂರು ಮುಗಿಸದಿದ್ದರೆ ಮೇಲಿನವರು ಬೈಯುತ್ತಾರೆ ಎಂದು ಅವನು ಗೋಗರೆದ. ಅತ್ತೆ ಸೆರಗು ಹೊದ್ದು, ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತರು. ಅವನು ಹೋದಮೇಲೆ ಸಂಜೆಯವರೆಗೂ, "ಪಾವಂ, ನನ್ನಿಂದ ಅವನಿಗೆ ಬೈಗುಳ," ಎಂದು ಹಲುಬಿದರು. ಇಲ್ಲವೆಂದು ಕಳಿಸಿದ್ದು ಅವರಿಗೆ ಹೊಟ್ಟೆನೋವಿಗಿಂತ ಹೆಚ್ಚಾಗಿತ್ತು.

ಅವನು ಬರುವುದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. ಬಂದ, ಜೊತೆಗೆ ಇಂಜಿನಿಯರನ್ನೂ ಕರೆತಂದ. ಅತ್ತೆ ಬಾವಿ ನೀರಿನಲ್ಲಿ ಮಿಂದು, ಒದ್ದೆ ಸೀರೆಯಲ್ಲೇ ನಿಂತು, ಮೊದಲ ಕೊಡವನ್ನು ದೂರದಿಂದ ತೋರಿಸಿದರು. ಇಂಜಿನಿಯರು ಬಗ್ಗಿ ಮೂಸಿದವರೇ ತಟ್ಟನೆ ಹಿಂದೆ ಸರಿದು ಕರ್ಚೀಫು ತೆಗೆದರು. ಅದರ ಫೋಟೋ ತೆಗೆಯಬೇಕಿತ್ತು ಅನ್ನಿಸಿತು.

ಆ ವಾರವೇ ಮನೆ ಮುಂದೆ ಅಗೆದರು. ಚರಂಡಿಗೆ ಅಂಟಿಕೊಂಡೇ ಓಡುತ್ತಿದ್ದ ನಮ್ಮ ಹಳೆಯ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ಹೊಸದು ಹಾಕಿ ಮುಚ್ಚಿದರು. ಅತ್ತೆ ಕೆಲವು ದಿನ ಮೂಸಿ ಮೂಸಿ ನೋಡಿ, ಒಂದು ಬೆಳಿಗ್ಗೆ ಕೊಡ ತುಂಬಿ ಅಡುಗೆಮನೆಯ ಒಳಗಿಟ್ಟರು.

ಮೀಸೆಯವನು ನಂಬರಿಗೆಂದು ಆಮೇಲಿನ ಭಾನುವಾರ ಮಧ್ಯಾಹ್ನ ಬಂದ. ಜಗಲಿಯ ಮೇಲೆ ಕೂತು ಬೆವರು ಒರೆಸಿಕೊಂಡ. ಕಾಫಿಯ ವಾಸನೆಯೇ ಇಲ್ಲ! ಅತ್ತೆ ಹಿಡಿದು ತಂದದ್ದು ಒಂದು ತಂಬಿಗೆ ನೀರು, ಬರೀ ನೀರು. ಅವನು ಅಭ್ಯಾಸಬಲದಿಂದ ಒಮ್ಮೆ ಮೂಸಿದ. ಆಮೇಲೆ ತಲೆಯೆತ್ತಿ, ತುಟಿಗೆ ಸೋಕಿಸದೆ, ಗಟಗಟನೆ ಕುಡಿದು ಮುಗಿಸಿ, ಇನ್ನೂ ಸ್ವಲ್ಪ ಕೊಡಿ ಎಂದ. ಅತ್ತೆ ಇನ್ನೊಂದು ತಂಬಿಗೆ ತಂದುಕೊಟ್ಟರು. ಅದೂ ಖಾಲಿಯಾದ ಮೇಲೆ ಕನ್ನಡಕ ಹಾಕಿಕೊಂಡು, ಕೇಳುವ ಮೊದಲೇ, ಒಂದೊಂದೇ ಅಂಕೆ ಬಿಡಿಸಿ ಓದಿದರು.

ಸಂಜೆ ಆ್ಯಪ್ ತೆರೆದು ನೋಡಿದೆ. ದೂರುದಾರರು ತೃಪ್ತರಾಗಿದ್ದಾರೆ ಎಂದಿತ್ತು. ದೂರುದಾರರು ಆಗ ಅಡುಗೆಮನೆಯಲ್ಲಿ ನಿಂತು, ಅಟ್ಟದ ಮೇಲಿನ ಶ್ರಾದ್ಧದ ಪಾತ್ರೆಗಳನ್ನು ಇಳಿಸಿಕೊಡೋ ಎಂದು ಮಗನನ್ನು ಕೂಗುತ್ತಿದ್ದರು.